ಆಟ ಕೆಡುವುದು ದಾಳದಿಂದಲ್ಲ

ಆಟವೆಂದ ಮೇಲೆ ಒಬ್ಬ ಗೆಲ್ಲಬೇಕು, ಇನ್ನೊಬ್ಬ ಸೋಲಬೇಕು. ಚೌಕಾಬಾರದಿಂದ ಹಿಡಿದು ಚದುರಂಗದವರೆಗೆ ಇದೇ ರೂಢಿ. ಆದರೆ ಯಾರೂ ಗೆಲ್ಲದ, ಯಾರೂ ಸೋಲದ ಆಟವೂ ಒಂದಿದೆ. ಅಮೆರಿಕದಲ್ಲಿ ಹುಟ್ಟಿ ಐವತ್ತು ವರ್ಷ ದಾಟಿದ ಈ ಆಟಕ್ಕೆ ‘ರೋಲ್ ಪ್ಲೇಯಿಂಗ್ ಗೇಮ್’, ಅಂದರೆ ಪಾತ್ರ ವಹಿಸಿ ಆಡುವ ಆಟ ಎಂದು ಹೆಸರು. ಇವುಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು, ಎಲ್ಲಕ್ಕಿಂತ ಹೆಸರಾದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’.

ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಖಡ್ಗವೀರ, ಒಬ್ಬಳು ಮಂತ್ರವಾದಿ, ಮತ್ತೊಬ್ಬ ಕಳ್ಳ, ಹೀಗೆ ತಲೆಗೊಂದು ಪಾತ್ರ. ಆಟ ನಡೆಸಲು ಬೇರೆ ಒಬ್ಬನಿರುತ್ತಾನೆ. ಅವನನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ‘ನಿಮ್ಮ ಮುಂದೆ ಕಬ್ಬಿಣದ ಬಾಗಿಲಿದೆ. ಒಳಗಿನಿಂದ ಏನೋ ಸದ್ದು. ಏನು ಮಾಡುತ್ತೀರಿ?’ ಎಂದು ಅವನು ಕೇಳುತ್ತಾನೆ. ತಮ್ಮ ಪಾತ್ರ ಏನು ಮಾಡುತ್ತದೆಂದು ಆಟಗಾರರು ಬಾಯಲ್ಲಿ ಹೇಳುತ್ತಾರೆ. ಹೇಳಿದ್ದು ಫಲಿಸುವುದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ವಾರಕ್ಕೊಮ್ಮೆ ಮೂರು ನಾಲ್ಕು ತಾಸಿನಂತೆ ಒಂದೇ ಕಥೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಸಾಗುತ್ತದೆ. ಇಂಥ ದೀರ್ಘ ಕಥೆಗೆ ಯುದ್ಧದ ಆಟಗಳಿಂದ ಬಂದ ‘ಕ್ಯಾಂಪೇನ್’ ಎಂಬ ಹೆಸರಿದೆ.

ತಾಳಮದ್ದಳೆ ಕೇಳಿದವರಿಗೆ ಇದು ತೀರ ಅಪರಿಚಿತವೆನಿಸದು. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಮಾತಿನಿಂದ ಪಾತ್ರ ಕಟ್ಟಬೇಕು. ಕರ್ಣನ ಅರ್ಥ ಹೇಳುವವರು ಮಾತು ನಿಲ್ಲಿಸದಿದ್ದರೆ ಎದುರಿಗಿರುವ ಕೃಷ್ಣನಿಗೆ ಕೆಲಸವೇ ಇರುವುದಿಲ್ಲ. ವ್ಯತ್ಯಾಸ ಎರಡು. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೇಳಲು ಸಭಿಕರಿರುತ್ತಾರೆ, ಇಲ್ಲಿ ಆಡುವವರೇ ಕೇಳುವವರು. ಐವರಲ್ಲಿ ಒಬ್ಬನಿಗೆ ಬೇಸರ ಬಂತೆಂದರೆ ಸಭೆಯ ಐದನೆಯ ಒಂದು ಪಾಲು ಎದ್ದು ಹೋದಂತೆಯೇ ಸರಿ.

ಈ ಆಟದ ಸುಖ ಪುಸ್ತಕದಲ್ಲಿಲ್ಲ, ಕೂತ ಜನರಲ್ಲಿದೆ ಎಂಬುದು ಅದರ ಹುಟ್ಟಿನಲ್ಲೇ ಕಂಡುಬಂದ ಸಂಗತಿ. ಮಿನೆಸೋಟ ರಾಜ್ಯದ ಅವಳಿ ನಗರಗಳಾದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್‌ಗಳಲ್ಲಿ ಗೆಳೆಯರ ಬಳಗವೊಂದಿತ್ತು. ಪುಟ್ಟ ಸೈನಿಕರ ಬೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ನೆಪೋಲಿಯನ್ ಕಾಲದ ಯುದ್ಧಗಳನ್ನು ಆಡುವುದು ಅವರ ಹವ್ಯಾಸ. 1969ರಲ್ಲಿ ಅವರಲ್ಲೊಬ್ಬನಾದ ಡೇವಿಡ್ ವೆಸ್ಲಿ ಹೊಸ ಪ್ರಯೋಗಕ್ಕೆ ಕೈಹಾಕಿದ. ಬ್ರೌನ್‌ಸ್ಟೈನ್ ಎಂಬ ಕಲ್ಪನೆಯ ಜರ್ಮನ್ ಊರನ್ನು ಆರಿಸಿಕೊಂಡು, ಸೇನಾಪತಿಗಳ ಜತೆಗೆ ಊರಿನ ಮೇಯರ್, ಬ್ಯಾಂಕಿನ ಯಜಮಾನ, ವಿಶ್ವವಿದ್ಯಾಲಯದ ಮುಖ್ಯಸ್ಥ ಮುಂತಾದ ಪಾತ್ರಗಳನ್ನೂ ಹಂಚಿದ. ಒಬ್ಬೊಬ್ಬರ ಗುರಿ ಒಂದೊಂದು.

ಆಟ ಶುರುವಾದದ್ದೇ ತಡ, ಎಲ್ಲವೂ ದಿಕ್ಕಾಪಾಲಾಯಿತು. ಆಟಗಾರರು ಮೇಜು ಬಿಟ್ಟು ಮೂಲೆ ಸೇರಿ ಪಿಸುಮಾತಿನ ಸಂಧಾನ ನಡೆಸಿದರು. ಇಬ್ಬರ ಪಾತ್ರಗಳು ಯುದ್ಧಕ್ಕೆ ಮೊದಲೇ ತಮ್ಮೊಳಗೆ ದ್ವಂದ್ವಕ್ಕೆ ನಿಂತವು. ಪಂಚನಾಗಿದ್ದ ವೆಸ್ಲಿಗೆ ಯಾರು ಎಲ್ಲಿ ಏನು ಮಾಡುತ್ತಿದ್ದಾರೆಂದೇ ತಿಳಿಯದಂತಾಯಿತು. ತನ್ನ ಪ್ರಯೋಗ ಸೋತಿತೆಂದು ಆತ ಭಾವಿಸಿದ. ಆದರೆ ಆಡಿದವರು ಇಂಥದೇ ಇನ್ನೊಂದು ನಡೆಸು ಎಂದು ಬೆನ್ನು ಹತ್ತಿದರು! ನಿಯಮದ ಲೆಕ್ಕದಲ್ಲಿ ಕೆಟ್ಟ ಆಟ ಜನರ ಲೆಕ್ಕದಲ್ಲಿ ಗೆದ್ದಿತ್ತು. ಎದುರಿಗಿದ್ದವನ ಮನಸ್ಸಿನಲ್ಲಿ ಏನಿದೆ ಎಂಬ ಕುತೂಹಲವೇ ಅವರಿಗೆ ಯುದ್ಧಕ್ಕಿಂತ ಹೆಚ್ಚು ರುಚಿಸಿತ್ತು.

ಅದೇ ಬಳಗದ ಡೇವ್ ಆರ್ನೆಸನ್ 1971ರಲ್ಲಿ ಬ್ಲ್ಯಾಕ್‌ಮೂರ್ ಎಂಬ ಕೋಟೆಯನ್ನೂ ಅದರಡಿಯ ನೆಲಮಾಳಿಗೆಗಳನ್ನೂ ಕಲ್ಪಿಸಿ ಗೆಳೆಯರನ್ನು ಒಳಗಿಳಿಸಿದ. 1972ರ ಕೊನೆಗೆ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿಗೆ ಹೋಗಿ ಗ್ಯಾರಿ ಗೈಗ್ಯಾಕ್ಸ್‌ಗೆ ಅದನ್ನು ಆಡಿಸಿ ತೋರಿಸಿದ. ಗೈಗ್ಯಾಕ್ಸ್ ತನ್ನ ಮಕ್ಕಳನ್ನೇ ಕೂರಿಸಿಕೊಂಡು ಆಟವನ್ನು ಪರೀಕ್ಷೆ ಮಾಡಿದ. 1974ರಲ್ಲಿ ಇಬ್ಬರ ಹೆಸರಿನಲ್ಲಿ ಮೂರು ಕಿರುಪುಸ್ತಕಗಳ ಪೆಟ್ಟಿಗೆ ಹೊರಬಂತು. ಬೆಲೆ 10 ಡಾಲರ್, ಮೊದಲ ಮುದ್ರಣ 1000 ಪ್ರತಿ.

ಒಂದು ಕ್ಯಾಂಪೇನಿನಲ್ಲಿ ನಾಲ್ಕರಿಂದ ಐವತ್ತು ಆಟಗಾರರಿರಬಹುದು, ನಡೆಸುವವನೊಬ್ಬನಿಗೆ ಸುಮಾರು ಇಪ್ಪತ್ತು ಆಟಗಾರರು ಸರಿ ಎಂದು ಆ ಪುಸ್ತಕ ಹೇಳಿತ್ತು. ಅಷ್ಟು ಜನ ಒಟ್ಟಿಗೆ ಬಾಯಿ ತೆರೆದರೆ ಗತಿಯೇನು? ಅದಕ್ಕಾಗಿ ತಂಡದ ಪರವಾಗಿ ಒಬ್ಬನೇ ಮಾತಾಡುವ ಏರ್ಪಾಡಿತ್ತು. ಅವನು ‘ಕಾಲರ್’. ಗದ್ದಲವೇನೋ ತಗ್ಗುತ್ತದೆ. ಆದರೆ ಉಳಿದವರು ಬರಬರುತ್ತಾ ಪ್ರೇಕ್ಷಕರಾಗುತ್ತಾರೆ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆಗೆ ವಿಜ್ಞಾನದ ಆಧಾರವೂ ಉಂಟು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು 1913ರಲ್ಲಿ ಫಲಿತಾಂಶ ಪ್ರಕಟಿಸಿದ. ಎಂಟು ಜನ ಒಟ್ಟಿಗೆ ಎಳೆದಾಗ ತಲೆಗೆ ಬಿದ್ದ ಬಲ, ಒಂಟಿಯಾಗಿ ಎಳೆದಾಗಿನ ಬಲದ ಅರ್ಧದಷ್ಟೇ ಇತ್ತು. ಇಂದು ಹೆಚ್ಚಿನ ಮೇಜುಗಳಲ್ಲಿ ನಾಲ್ಕೈದೇ ಆಟಗಾರರು ಕೂರುವುದಕ್ಕೆ ಅನುಭವ ಕಲಿಸಿದ ಈ ಪಾಠವೇ ಕಾರಣವಿದ್ದೀತು.

ಸಣ್ಣ ಗುಂಪಿನಲ್ಲೂ ಲೆಕ್ಕ ಸಣ್ಣದಲ್ಲ. ಐವರು ಆಟಗಾರರು, ನಡೆಸುವವನೊಬ್ಬ, ಒಟ್ಟು ಆರು ಜನ. ಇವರೊಳಗೆ ಇಬ್ಬಿಬ್ಬರಂತೆ ಜೋಡಿ ಮಾಡಿದರೆ 15 ಸಂಬಂಧಗಳಾಗುತ್ತವೆ. ಏಳನೆಯವನೊಬ್ಬ ಬಂದರೆ 21. ಕುರ್ಚಿ ಹೆಚ್ಚಿದ್ದು ಒಂದು, ಸಂಬಂಧ ಹೆಚ್ಚಿದ್ದು ಆರು! ಇನ್ನು ಸಮಯ. ನಾಲ್ಕು ತಾಸಿನ ಆಟವೆಂದರೆ 240 ನಿಮಿಷ. ಅರ್ಧ ನಡೆಸುವವನಿಗೆ ಹೋದರೆ ಐವರಿಗೂ ತಲಾ 24 ನಿಮಿಷ. ಅವರಲ್ಲಿ ಮಾತುಗಾರನೊಬ್ಬ ಒಂದು ತಾಸು ನುಂಗಿದನೆಂದರೆ ಉಳಿದ ನಾಲ್ವರಿಗೆ ಸಿಕ್ಕುವುದು ಹದಿನೈದೇ ನಿಮಿಷ. ಅವನು ಕೆಟ್ಟವನೇನಲ್ಲ, ಉತ್ಸಾಹಿ ಅಷ್ಟೆ. ಆದರೆ ಅವನ ಉತ್ಸಾಹದ ಬೆಲೆ ತೆರುವವರು ಪಕ್ಕದವರು.

ಮೇಜಿಗೆ ಬರುವವರೆಲ್ಲ ಒಂದೇ ಸುಖ ಅರಸಿ ಬರುವುದಿಲ್ಲ ಎಂಬುದು ಮತ್ತೊಂದು ತೊಡಕು. 1980ರಲ್ಲಿ ‘ಡಿಫರೆಂಟ್ ವರ್ಲ್ಡ್ಸ್’ ಎಂಬ ಪತ್ರಿಕೆಯಲ್ಲಿ ಗ್ಲೆನ್ ಬ್ಲಾಕೋ ಎಂಬಾತ ಈ ಆಟವನ್ನು ಆಡುವ ನಾಲ್ಕು ಬಗೆಗಳನ್ನು ಗುರುತಿಸಿ ಲೇಖನ ಬರೆದ. ಒಬ್ಬನಿಗೆ ತನ್ನ ಪಾತ್ರದ ಬಲ ಏರುತ್ತಲೇ ಇರಬೇಕು. ಇನ್ನೊಬ್ಬನಿಗೆ ಯುದ್ಧತಂತ್ರ ಹೂಡಿ ಜಯಿಸಬೇಕು. ಮೂರನೆಯವಳಿಗೆ ಪಾತ್ರದ ಒಳಹೊಕ್ಕು ಅದರ ಸುಖದುಃಖದಲ್ಲಿ ಬಾಳಬೇಕು. ನಾಲ್ಕನೆಯವನಿಗೆ ಒಟ್ಟು ಕಥೆ ಚೆನ್ನಾಗಿ ಬೆಳೆಯಬೇಕು. 2002ರಲ್ಲಿ ಆಟ ನಡೆಸುವವರಿಗಾಗಿ ಕೈಪಿಡಿ ಬರೆದ ರಾಬಿನ್ ಲಾಸ್ ಎಂಬ ಲೇಖಕ ಮತ್ತೊಂದು ಬಗೆಯನ್ನೂ ಮರೆಯಲಿಲ್ಲ. ಇದ್ಯಾವುದೂ ಅಷ್ಟಾಗಿ ಬೇಡದೆ, ಗೆಳೆಯರ ಜತೆ ಸಂಜೆ ಕಳೆಯಲಷ್ಟೇ ಬಂದು ಕೂರುವವನು ಅವನು.

ಈ ಐವರನ್ನೂ ಕೋಟೆಯೊಂದರ ಕಾವಲುಗಾರನೆದುರು ನಿಲ್ಲಿಸಿ ನೋಡಿ. ಪಾತ್ರವಾಗಿ ಬಾಳುವವಳು ಕಾವಲುಗಾರನ ಹೆಂಡತಿ ಮಕ್ಕಳ ಕ್ಷೇಮ ವಿಚಾರಿಸತೊಡಗುತ್ತಾಳೆ. ತಂತ್ರಗಾರ ಹಿಂಬಾಗಿಲು ಎಲ್ಲಿದೆಯೆಂದು ನಕ್ಷೆ ಬರೆಯುತ್ತಿರುತ್ತಾನೆ. ಬಲ ಕೂಡಿಸುವವನು ತಾಳ್ಮೆಗೆಟ್ಟು ಕತ್ತಿ ಹಿರಿದು ಕಾವಲುಗಾರನನ್ನು ಕಡಿದೇಬಿಡುತ್ತಾನೆ. ಒಂದೇ ಏಟಿಗೆ ಸತ್ತವರು ಮೂವರು: ಕಾವಲುಗಾರ, ಅವಳ ಸಂಭಾಷಣೆ, ಇವನ ನಕ್ಷೆ. ಕಥೆ ಬೆಳೆಯಲೆಂದು ಕಾದಿದ್ದ ನಾಲ್ಕನೆಯವನು ತಲೆ ಚಚ್ಚಿಕೊಳ್ಳುತ್ತಾನೆ. ಐದನೆಯವನು ನಗುತ್ತಾ ಚಹಾ ಬಗ್ಗಿಸುತ್ತಾನೆ. ಯಾರೂ ನಿಯಮ ಮುರಿದಿಲ್ಲ. ಆದರೂ ಆಟ ಕೆಟ್ಟಿದೆ.

ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಮಿನೆಸೋಟದ ಅದೇ ಅವಳಿ ನಗರಗಳಲ್ಲಿ ಇಂಥ ಗುಂಪುಗಳ ಜತೆ ಕೂತು ಆಡಿ ಅಧ್ಯಯನ ನಡೆಸಿದ. 1983ರಲ್ಲಿ ಬಂದ ‘ಷೇರ್ಡ್ ಫ್ಯಾಂಟಸಿ’ ಅದರ ಫಲ. ಆಡುವವನು ಏಕಕಾಲಕ್ಕೆ ಮೂರು ನೆಲೆಗಳಲ್ಲಿರುತ್ತಾನೆ ಎಂಬುದು ಆತ ಕಂಡುಕೊಂಡ ಮಾತು. ಮನೆ, ಉದ್ಯೋಗ ಇರುವ ಮನುಷ್ಯ ಒಂದು. ನಿಯಮ ಬಲ್ಲ ಆಟಗಾರ ಎರಡು. ಕಥೆಯೊಳಗಿನ ಪಾತ್ರ ಮೂರು. ಜಗಳ ಹುಟ್ಟುವುದು ಈ ನೆಲೆಗಳು ಒಂದರ ಮೇಲೊಂದು ಜಾರಿದಾಗ. ಕಳ್ಳನ ಪಾತ್ರದವನು ಸಂಗಾತಿಯ ಚೀಲದಿಂದಲೇ ರತ್ನ ಕದಿಯುತ್ತಾನೆ. ಕೇಳಿದರೆ ‘ಏನು ಮಾಡಲಿ, ನನ್ನ ಪಾತ್ರದ ಗುಣವೇ ಹಾಗೆ’ ಎಂಬ ಉತ್ತರ ಸಿದ್ಧ. ಕದ್ದದ್ದು ಪಾತ್ರ ನಿಜ, ಆದರೆ ಮುಖ ಸಣ್ಣದಾದದ್ದು ಪಕ್ಕದಲ್ಲಿ ಕೂತ ಮನುಷ್ಯನದು. ಕಳ್ಳನನ್ನು ಸೃಷ್ಟಿಸಿದವನೂ ಅವನೇ, ಯಾರ ಚೀಲಕ್ಕೆ ಕೈ ಹಾಕಬೇಕೆಂದು ಆರಿಸಿದವನೂ ಅವನೇ ಎಂಬುದನ್ನು ಗೆಳೆಯ ಮರೆಯುವುದಿಲ್ಲ.

ಜಗಳವಾದರೂ ವಾಸಿ, ಕಣ್ಣಿಗೆ ಕಾಣುತ್ತದೆ. ಕಾಣದ ನಷ್ಟ ಮೌನಿಗಳದು. ಪ್ರತಿ ಮೇಜಿನಲ್ಲೂ ಅಂಥವನೊಬ್ಬ ಇರುತ್ತಾನೆ. ಹೇಳಬೇಕೆಂದುಕೊಂಡದ್ದನ್ನು ಇನ್ನೊಬ್ಬ ಹೇಳಿ ಮುಗಿಸುತ್ತಾನೆ; ತನ್ನ ಸರದಿ ಬಂದಾಗ ‘ನಾನೂ ಹೊಡೆಯುತ್ತೇನೆ’ ಎಂದು ದಾಳ ಎಸೆದು ಸುಮ್ಮನಾಗುತ್ತಾನೆ. ಅವನು ದೂರುವುದಿಲ್ಲ. ಒಂದು ಶನಿವಾರ ‘ಕೆಲಸವಿದೆ’ ಎನ್ನುತ್ತಾನೆ, ಮುಂದಿನ ಶನಿವಾರ ‘ಮೈ ಹುಷಾರಿಲ್ಲ’ ಎನ್ನುತ್ತಾನೆ. ಮೂರನೆಯ ಶನಿವಾರ ಯಾರೂ ಕೇಳುವುದಿಲ್ಲ. ಎಷ್ಟೋ ಕ್ಯಾಂಪೇನುಗಳು ಡ್ರ್ಯಾಗನ್ನಿನ ಬೆಂಕಿಯಿಂದ ಸಾಯುವುದಿಲ್ಲ, ಇಂಥ ನೆಪಗಳಿಂದ ಸಾಯುತ್ತವೆ. ಜತೆಗೆ ಹಳೆಯದೊಂದು ಸ್ನೇಹವೂ ಸದ್ದಿಲ್ಲದೆ ಸವೆದಿರುತ್ತದೆ.

ಆಟ ಕಟ್ಟಿದವರ ಕಥೆಯೂ ಇದಕ್ಕಿಂತ ಬೇರೆಯಾಗಲಿಲ್ಲ. ಹೆಸರು ಮತ್ತು ಗೌರವಧನದ ವಿಷಯವಾಗಿ ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದ, 1981ರಲ್ಲಿ ರಾಜಿಯಾಯಿತು. ಗೈಗ್ಯಾಕ್ಸ್ ತಾನೇ ಹುಟ್ಟುಹಾಕಿದ ಟಿ.ಎಸ್.ಆರ್. ಕಂಪನಿಯ ಮೇಲಿನ ಹಿಡಿತವನ್ನು 1985ರಲ್ಲಿ ಕಳೆದುಕೊಂಡ. 2008ರಲ್ಲಿ ಒಬ್ಬ, 2009ರಲ್ಲಿ ಇನ್ನೊಬ್ಬ ತೀರಿಕೊಂಡರು. ಜಗತ್ತಿನ ಲಕ್ಷಾಂತರ ಜನರನ್ನು ಒಂದು ಮೇಜಿನ ಸುತ್ತ ಕೂರಿಸಿದ ಇಬ್ಬರಿಗೆ ತಮ್ಮ ಪಾಲುದಾರಿಕೆಯನ್ನು ಉಳಿಸಿಕೊಳ್ಳಲಾಗಲಿಲ್ಲ.

ಮದ್ದು ಇಲ್ಲದಿಲ್ಲ. ಕಥೆ ಶುರುವಾಗುವ ಮುನ್ನ ದಾಳ ಮುಟ್ಟದೆ, ಯಾರಿಗೆ ಏನು ಇಷ್ಟ, ಏನು ಬೇಡ, ಎಷ್ಟು ಹೊತ್ತಿಗೆ ಮುಗಿಸಬೇಕು ಎಂದು ಮಾತಾಡಿಕೊಳ್ಳುವ ಒಂದು ಬೈಠಕ್ಕಿಗೆ ‘ಸೆಷನ್ ಝೀರೋ’ ಎನ್ನುತ್ತಾರೆ. ಆಟಗಾರರಲ್ಲಿ ಬೆಳೆದ ಈ ರೂಢಿಯನ್ನು 2020ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನ ಅಧಿಕೃತ ಪುಸ್ತಕವೂ ವಿವರಿಸಿತು. ಕೆಲವರು ಮೇಜಿನ ನಡುವೆ ಇಂಟೂ ಗುರುತಿನ ಕಾರ್ಡೊಂದನ್ನು ಇಡುತ್ತಾರೆ. ಕಥೆ ಮನಸ್ಸಿಗೆ ಕಸಿವಿಸಿಯಾಗುವ ಕಡೆ ತಿರುಗಿದರೆ ಯಾರು ಬೇಕಾದರೂ ಅದನ್ನು ಮುಟ್ಟಬಹುದು, ಕಾರಣ ಹೇಳಬೇಕಿಲ್ಲ. ಕಥೆ ಅಲ್ಲಿಂದ ದಾರಿ ಬದಲಿಸುತ್ತದೆ. ಆಟಕ್ಕೆ ಇಷ್ಟೊಂದು ಕಟ್ಟಳೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಮದುವೆ ಮನೆಯಲ್ಲಿ ಖಾರ ಎಷ್ಟಿರಲಿ ಎಂದು ಅಡುಗೆ ಭಟ್ಟರು ಮೊದಲೇ ಕೇಳುವುದಿಲ್ಲವೇ? ಇದೂ ಹಾಗೆಯೇ.

ಆದರೆ ಎಲ್ಲಕ್ಕಿಂತ ಅಗ್ಗದ ಮದ್ದು ಆಟಗಾರರ ಕೈಯಲ್ಲೇ ಇದೆ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ದಾಳವನ್ನೋ ನಿಯಮವನ್ನೋ ದೂರುವ ಬದಲು, ಮಾತುಗಾರ ತನ್ನ ಮಾತಿನ ನಡುವೆ ನಿಲ್ಲಿಸಿ ಮೌನಿಯ ಕಡೆ ತಿರುಗಿ ‘ನಿನಗೇನು ತೋರುತ್ತದೆ?’ ಎಂದು ಕೇಳಿದರೆ ಸಾಕು. ತಂತ್ರಗಾರ ನಕ್ಷೆಯನ್ನು ಅತ್ತ ಸರಿಸಿ ಇಬ್ಬರೂ ನೋಡುವಂತೆ ಮಾಡಿದರೆ ಸಾಕು. ಅದಕ್ಕೆ ದಾಳ ಉರುಳಿಸಬೇಕಿಲ್ಲ. ಆ ಮೌನಿ ಮುಂದಿನ ಶನಿವಾರ ನೆಪ ಹೇಳದೆ, ಹತ್ತು ನಿಮಿಷ ಮೊದಲೇ ಬಂದು ಕುರ್ಚಿ ಎಳೆದುಕೊಂಡನೆಂದರೆ ಈ ವಾರದ ಆಟ ಚೆನ್ನಾಗಿತ್ತೆಂದೇ ತಿಳಿಯಬೇಕು.