ನಾಯಿ ಬಾಡಿನ ಲೆಕ್ಕ

ನಮ್ಮ ಮನೆಯಲ್ಲಿ ನೂರು ಹಾಳೆಯ ಒಂದು ನೋಟ್‌ಬುಕ್ಕಿದೆ. ಅಣ್ಣನ ಮಗಳು ಗಣಿತಕ್ಕೆ ಅಂತ ತಂದು ಅರ್ಧ ಬರೆದು ಬಿಟ್ಟದ್ದು. ಉಳಿದರ್ಧದಲ್ಲಿ ಇರುವುದು ಒಂದು ನಾಯಿಯ ಊಟದ ಲೆಕ್ಕ. ನಾಯಿ ನಮ್ಮದಲ್ಲ, ಬಸವೇಶ್ವರನಗರದ ಒಂದು ಮನೆಯದು. ಆ ಮನೆಯಲ್ಲಿ ನಮ್ಮತ್ತಿಗೆ ಕಸ ಮುಸುರೆ ಮಾಡಿಕೊಂಡು ನಾಯಿಯನ್ನೂ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಓದು ಬರಹ ಬಾರದು. ಮನೆಯವರೋ ಪೈಸೆ ಪೈಸೆಗೆ ಲೆಕ್ಕ ಕೇಳುವವರು. ಹಾಗಾಗಿ ಅವಳು ಬಾಯಲ್ಲಿ ಹೇಳುವುದು, ನಾವು ಬರೆಯುವುದು. ಹೀಗೆ ಮೂರು ವರ್ಷ ನಾವು ಒಂದು ನಾಯಿಗೆ ಶಾನುಭೋಗಿಕೆ ಮಾಡಿದ್ದೇವೆ.

ನಾಯಿ ಗ್ರೇಟ್ ಡೇನ್ ಜಾತಿಯದು. (ನಾಯಿಗೂ ಜಾತಿ ಉಂಟು, ಅದರ ಸರ್ಟಿಫಿಕೇಟೂ ಉಂಟು. ನಮ್ಮದನ್ನು ತರಲು ತಾಲ್ಲೂಕು ಕಚೇರಿಗೆ ಎಷ್ಟು ಸಲ ಅಲೆದೆವೋ.) ತೂಕ 60 ಕಿಲೋ. ಮರಿಯಾಗಿದ್ದಾಗ ಅಂಗಡಿಯಲ್ಲಿ ಸಿಗುವ ಒಣ ಉಂಡೆ ಹಾಕುತ್ತಿದ್ದರು. ಆಮೇಲೆ ಯಾರೋ ಹೇಳಿದರಂತೆ, ನಾಯಿ ಅಂದರೆ ತೋಳನ ವಂಶ, ಅದಕ್ಕೆ ಬೇಯಿಸಿದ್ದು ಒಗ್ಗುವುದಿಲ್ಲ, ಹಸಿ ಬಾಡನ್ನೇ ಹಾಕಬೇಕು ಅಂತ. ಇದು ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಎಂಬ ಆಸ್ಟ್ರೇಲಿಯಾದ ಪಶುವೈದ್ಯ 1993ರಲ್ಲಿ ಪುಸ್ತಕ ಬರೆದು ಹಬ್ಬಿಸಿದ ಪದ್ಧತಿ. ನಾಯಿಯ ತೂಕದ ನೂರಕ್ಕೆ ಎರಡರಿಂದ ಮೂರು ಪಾಲು ದಿನಕ್ಕೆ ಹಾಕಬೇಕು. ಅದರಲ್ಲಿ ನೂರಕ್ಕೆ 80 ಬಾಡು, 10 ಹಸಿ ಮೂಳೆ, 5 ಈಲಿ, 5 ಇತರ ಅಂಗಗಳು ಅನ್ನುವುದು ಆ ಮನೆಯವರು ಹಿಡಿದ ಲೆಕ್ಕ. ಆ ಮನೆಯವರು ಎರಡೂವರೆ ಪಾಲು ಅಂತ ಹಿಡಿದರು. ದಿನಕ್ಕೆ ಒಂದೂವರೆ ಕಿಲೋ ಆಯಿತು. 1200 ಗ್ರಾಂ ಬಾಡು, 150 ಗ್ರಾಂ ಮೂಳೆ, 75 ಗ್ರಾಂ ಈಲಿ, 75 ಗ್ರಾಂ ಗುಂಡಿಗೆಯೋ ಗುಲ್ಲೆಯೋ ಇನ್ನೊಂದೋ. ತೂಗಲು ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಚಿನ್ನ ತೂಗಿದ ಹಾಗೆ ತೂಗಿಸುತ್ತಿದ್ದರು.

2023ರ ಒಂದು ತಿಂಗಳ ಹಾಳೆ ಹೀಗಿದೆ. ಬಾಡು 36 ಕಿಲೋ, ಕಿಲೋಗೆ 400ರಂತೆ 14,400. ಕೋಳಿ ಕುತ್ತಿಗೆ ನಾಲ್ಕೂವರೆ ಕಿಲೋ 450. ಈಲಿ ಎರಡೂಕಾಲು ಕಿಲೋ 450. ಇತರೆ ಎರಡೂಕಾಲು ಕಿಲೋ 450. ಮೊಟ್ಟೆ 30ಕ್ಕೆ 210. ಒಟ್ಟು 15,960. ಕಾರು ಶೆಡ್ಡಿನಲ್ಲಿ ಇದಕ್ಕೇ ಅಂತ ಇಟ್ಟ ಫ್ರಿಜ್ಜಿನ ಕರೆಂಟು, ಮೀನೆಣ್ಣೆ, ಡಾಕ್ಟರ ಫೀಜು ಬೇರೆ. ಅದೇ ಹಾಳೆಯ ಕೆಳಗೆ ಅತ್ತಿಗೆಯ ಸಂಬಳ ಬರೆದಿದ್ದೇವೆ: 5,500.

ನಾವು ನಾಯಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇವೆ ಅಂತ ಯಾರೂ ತಿಳಿಯಬಾರದು. ನಾಯಿ ಕೇಳಿದ್ದಲ್ಲ ಇದು. ಅದು ಒಳ್ಳೆಯ ನಾಯಿ. ಅತ್ತಿಗೆ ಗೇಟು ತೆಗೆದರೆ ಸಾಕು, ಅವಳ ಹೆಗಲ ಮೇಲೆ ಎರಡೂ ಕಾಲಿಟ್ಟು ನಿಲ್ಲುತ್ತಿತ್ತು. ಆ ಮನೆಯಲ್ಲಿ ಅವಳನ್ನು ಮುಟ್ಟುತ್ತಿದ್ದದ್ದು ಅದೊಂದೇ.

36 ಕಿಲೋ ಬಾಡು ಯಾವುದರದು ಅಂತ ನೀವು ಕೇಳಬೇಕು. ಮೊದಲ ತಿಂಗಳು ಕುರಿ ತರಿಸಿದರು. ಬಿಲ್ಲು ನೋಡಿ ಎದೆ ಹಿಡಿದುಕೊಂಡರು. ಬರೀ ಕೋಳಿ ಹಾಕಿದರೆ ದೊಡ್ಡ ನಾಯಿಗೆ ಸಾಲದು ಅಂತ ಮೊಬೈಲಿನಲ್ಲಿ ಇತ್ತಂತೆ. ಉಳಿದದ್ದು ಒಂದೇ. ಆ ಮನೆಯವರ ಬಾಯಲ್ಲಿ ‘ದನದ ಬಾಡು’ ಅನ್ನುವ ಮಾತು ಒಂದು ದಿನವೂ ಬರಲಿಲ್ಲ. ‘ರೆಡ್ ಮೀಟ್’ ಅನ್ನುತ್ತಿದ್ದರು. ಅವರ ಅಡುಗೆಮನೆಗೆ ಮೊಟ್ಟೆಯೂ ಹೋಗದು. ಗೋರಿಪಾಳ್ಯದ ಕಡೆ ಅವರು ಕಾಲಿಡುವ ಹಾಗಿಲ್ಲ, ಯಾರಾದರೂ ನೋಡಿದರೆ? ಹಾಗಾಗಿ ನಾವು ಹೋಗಬೇಕು. ‘ನಿಮ್ಮೋರಿಗೆ ಅಭ್ಯಾಸ ಇರುತ್ತಲ್ಲ’ ಅಂದರಂತೆ ಅತ್ತಿಗೆಗೆ.

ಅಭ್ಯಾಸ ಇತ್ತು. ನಾವು ಮಾಗಡಿ ಕಡೆಯ ಹಳ್ಳಿಯವರು. ಊರಲ್ಲಿ ಎತ್ತೋ ಎಮ್ಮೆಯೋ ಸತ್ತರೆ ಕೇರಿಗೆ ಕರೆ ಬರುತ್ತಿತ್ತು. ಅಪ್ಪಂದಿರು ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ನಾವು ಹುಡುಗರು ಕೋಲು ಹಿಡಿದು ಹಿಂದೆ ಓಡುತ್ತಿದ್ದೆವು. ನಮ್ಮ ಕೆಲಸ ನಾಯಿ ಓಡಿಸುವುದು. ಊರ ನಾಯಿಗಳೆಲ್ಲ ಅಲ್ಲಿ ಸೇರುತ್ತಿದ್ದವು, ಮೇಲೆ ಹದ್ದು. ಯಾರು ಮೊದಲು ಅನ್ನುವುದೇ ಪಂದ್ಯ. ಗೆದ್ದ ದಿನ ಕೇರಿಯೆಲ್ಲ ಘಮ. ಉಳಿದದ್ದನ್ನು ಎಳೆ ಎಳೆಯಾಗಿ ಸೀಳಿ ಹಗ್ಗದ ಮೇಲೆ ಒಣಹಾಕಿ ಕೊರಬಾಡು ಮಾಡಿ ಮಳೆಗಾಲಕ್ಕೆ ಇಡುತ್ತಿದ್ದರು. ಆ ಕೋಲು ಹಿಡಿದ ಕೈಯಲ್ಲೇ ಈಗ ನಾಯಿಗೆ ಈಲಿ ತೂಗುತ್ತಿದ್ದೇವೆ.

ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ನಮ್ಮ ಕಡೆಗೂ ಬಂತು. ಸತ್ತ ದನ ಎಳೆಯುವುದಿಲ್ಲ, ಸತ್ತದ್ದನ್ನು ತಿನ್ನುವುದಿಲ್ಲ ಅಂತ ಕೇರಿಯ ಹುಡುಗರು ನಿಂತರು. ಅಣ್ಣ ಮುಂದಿದ್ದ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೇಳಿದ್ದು ಇದನ್ನೇ ಅಂತ ಅವನು ಭಾಷಣ ಮಾಡುತ್ತಿದ್ದ: ಸತ್ತದ್ದನ್ನು ತಿನ್ನಬೇಡಿ, ಎಸೆದ ಎಂಜಲನ್ನು ಎತ್ತಬೇಡಿ. ಊರವರು ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ಎರಡು ವರ್ಷ ತಡೆದು, ಮಾಗಡಿ ರಸ್ತೆ ಹಿಡಿದು ಬೆಂಗಳೂರಿಗೆ ಬಂದೆವು. ಅಣ್ಣ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸಕ್ಕೆ ಸೇರಿದ. ನಾವು ಕಾಮಾಕ್ಷಿಪಾಳ್ಯದಲ್ಲಿ ಒಂದು ರೂಮು ಹಿಡಿದೆವು. ಸತ್ತದ್ದನ್ನು ಬಿಟ್ಟೆವೇ ಹೊರತು ಬಾಡು ಬಿಡಲಿಲ್ಲ. ಭಾನುವಾರ ಕಾಸು ಕೊಟ್ಟು ಅರ್ಧ ಕಿಲೋ ತಂದು ತಿನ್ನುವುದೇ ಅಣ್ಣನಿಗೆ ಹೆಮ್ಮೆ. ‘ಇದು ನಾವು ಕೊಂಡದ್ದು ಕಣ್ರೋ’ ಅಂತ ಪ್ರತಿ ಸಲವೂ ಹೇಳುತ್ತಿದ್ದ.

ಮಧ್ಯೆ ಒಂದು ಮಾತು. ವಿಜಯನಗರದಲ್ಲಿ ಒಂದು ಸಲ ಮನೆ ನೋಡಲು ಹೋಗಿದ್ದೆವು. ನಲ್ಲಿ ನೀರು, ಬಿಸಿಲು, ಎಲ್ಲ ಇತ್ತು. ಮಾಲೀಕರು ಜಾತಿ ಕೇಳಲಿಲ್ಲ, ಈಗ ಯಾರೂ ಹಾಗೆ ಕೇಳುವುದಿಲ್ಲ. ‘ನಾನ್‌ವೆಜ್ ಮಾಡ್ತೀರಾ?’ ಅಂದರು. ವಾರಕ್ಕೊಂದು ಸಲ ಅಂದೆವು. ‘ವಾಸನೆ ಆಗಲ್ಲ ನಮಗೆ’ ಅಂದರು. ಅವರ ಕಾಲ ಬುಡದಲ್ಲೇ ಕರು ಗಾತ್ರದ ನಾಯಿಯೊಂದು ಮಲಗಿತ್ತು. ಅದರ ಮುಂದೆ ಸ್ಟೀಲ್ ಬೋಗುಣಿ, ಬೋಗುಣಿಯಲ್ಲಿ ರಕ್ತ ಜಿನುಗುವ ತುಂಡು. ವಾಸನೆ ನಮಗೇ ಬರುತ್ತಿತ್ತು. ಆ ವಾಸನೆಗೆ ಬಾಡಿಗೆ ಇರಲಿಲ್ಲ, ಅಡ್ವಾನ್ಸೂ ಇರಲಿಲ್ಲ.

ಈಗ ಕಾನೂನಿನ ವಿಚಾರ. 1964ರ ಕಾಯ್ದೆಯಲ್ಲಿ ಹಸುವನ್ನು ಕಡಿಯುವಂತಿರಲಿಲ್ಲ, ಆದರೆ 12 ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಎಮ್ಮೆ, ಕೋಣಗಳನ್ನು ಅನುಮತಿ ಪಡೆದು ಕಡಿಯಬಹುದಿತ್ತು. ಹೊಸ ಕಾಯ್ದೆಯದು 2020ರ ಹೆಸರು, ಜಾರಿಗೆ ಬಂದದ್ದು 2021ರಲ್ಲಿ. ಅದರ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ ಬೇರೇನೂ ಇಲ್ಲ. ತಪ್ಪಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ಚೀಲದಲ್ಲಿರುವ ತುಂಡನ್ನು ನೋಡಿ ಅದರ ವಯಸ್ಸು ಹನ್ನೆರಡೋ ಹದಿಮೂರೋ ಅಂತ ಹೇಳುವ ಪಂಡಿತ ಯಾರು? ಕಾಯ್ದೆ ಬಂದ ಮೇಲೆ ಅಂಗಡಿಗಳು ಕಮ್ಮಿಯಾದವು, ರೇಟು ಏರಿತು. ನಾಯಿಯ ಲೆಕ್ಕ ಏರಿದ್ದೂ ಆಗಲೇ. ನಮ್ಮ ಭಾನುವಾರದ ಅರ್ಧ ಕಿಲೋ ಕಾಲಾಯಿತು. ನಾಯಿಯ 1200 ಗ್ರಾಂ 1200 ಗ್ರಾಮೇ ಇತ್ತು.

ಆ ವರ್ಷವೇ ಒಂದು ಸಂಜೆ ನಾವು ವಾರದ ಬಾಡು ಹೊತ್ತು ಸ್ಕೂಟರಿನಲ್ಲಿ ಬರುತ್ತಿದ್ದೆವು. ಮಾಗಡಿ ರಸ್ತೆಯ ಒಂದು ತಿರುವಿನಲ್ಲಿ ನಾಲ್ಕೈದು ಹುಡುಗರು ಅಡ್ಡ ಹಾಕಿದರು. ಪೊಲೀಸರಲ್ಲ. ಚೀಲ ಬಿಚ್ಚಿಸಿದರು. ಎಂಟು ಕಿಲೋ ಮೇಲಿತ್ತು. ಒಬ್ಬ ಕೊರಳಪಟ್ಟಿಗೆ ಕೈ ಹಾಕಿದ. ಬಾಯಿ ಒಣಗಿಹೋಯಿತು. ‘ನಾಯಿಗೆ ಸಾರ್’ ಅಂದೆವು. ‘ಯಾವ ನಾಯಿಗೆ?’ ಮೊಬೈಲಿನಲ್ಲಿ ಅತ್ತಿಗೆ ನಾಯಿಯ ಜೊತೆ ನಿಂತ ಫೋಟೋ ಇತ್ತು, ತೋರಿಸಿದೆವು. ಅವರು ಫೋಟೋ ನೋಡಿದರು. ‘ಏನ್ ಗುರು ಸೈಜು! ಎಷ್ಟು ತಿನ್ನುತ್ತೆ ದಿನಕ್ಕೆ?’ ಅಂತ ಒಬ್ಬ ಕೇಳಿದ. ಒಂದೂವರೆ ಕಿಲೋ ಅಂದೆವು. ‘ನಾಯಿಗಾದ್ರೆ ಸರಿ, ಹೋಗು’ ಅಂದರು. ಚೀಲದ ಬಾಯನ್ನು ಅವರಲ್ಲೊಬ್ಬ ತಾನೇ ಕಟ್ಟಿಕೊಟ್ಟ.

ಅವತ್ತಿನಿಂದ ನಮಗೊಂದು ಪಾಠ ಬಂತು. ನಮ್ಮ ಮನೆಗೆ ಕಾಲು ಕಿಲೋ ತಂದರೂ ನಾಯಿಗೆ ಅಂತಲೇ ಹೇಳುತ್ತಿದ್ದೆವು. ದಾರಿಯಲ್ಲಿ ಕೇಳಿದರೆ ನಾಯಿಗೆ, ಪಕ್ಕದ ಬೀದಿಯವರು ಮೂಗು ಮುಚ್ಚಿದರೆ ನಾಯಿಗೆ. ಅಂಗಡಿಯವನೂ ‘ನಾಯಿಗಾ, ಮನೆಗಾ?’ ಅಂತ ಕೇಳಲು ಶುರುಮಾಡಿದ. ಮನೆಗೆ ಅಂತ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಅಣ್ಣನ ಮಗಳು ಒಂದು ದಿನ ತಟ್ಟೆ ಮುಂದೆ ಕೂತು, ‘ಚಿಕ್ಕಪ್ಪಾ, ಇದು ನಾಯಿಗೆ ತಂದದ್ದಾ, ನಮಗಾ?’ ಅಂದಳು. ಅಣ್ಣ ತಲೆ ಎತ್ತಲಿಲ್ಲ. ಕೊಂಡದ್ದು ಕಣ್ರೋ ಅಂತ ಅವನು ಹೇಳುವುದು ನಿಂತದ್ದು ಆ ದಿನದಿಂದ.

ಇದು 15,960ರಲ್ಲಿ ಸೇರಿಲ್ಲ.

ಇನ್ನೊಂದು ಬಾಬ್ತೂ ಸೇರಿಲ್ಲ. ಹಸಿ ಬಾಡಿನಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳಿರುತ್ತವೆ. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದರೂ ಅವು ಪೂರಾ ಸಾಯುವುದಿಲ್ಲ. ಕುರಿ ದನಗಳ ಈಲಿಯಲ್ಲಿ, ಗುಲ್ಲೆಯಲ್ಲಿ ಒಂದು ಜಾತಿಯ ಹುಳದ ನೀರುಗುಳ್ಳೆ ಇರಬಹುದು. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಹುಳ ಬೆಳೆದು, ಮೊಟ್ಟೆ ಹೇಲಿನಲ್ಲಿ ಬಂದು, ಅದು ಮನುಷ್ಯರ ಹೊಟ್ಟೆಗೆ ಹೋದರೆ ನಮ್ಮ ಈಲಿಯಲ್ಲೂ ಅದೇ ಗುಳ್ಳೆ. ಹಳ್ಳಿಯ ಮೇಷ್ಟ್ರುಗಳು ಇದನ್ನು ಮಕ್ಕಳಿಗೆ ಹೇಳಬೇಕು, ಕುರಿ ಕಡಿದ ಕಡೆ ಗುಲ್ಲೆಯನ್ನು ನಾಯಿಗೆ ಎಸೆಯುವ ರೂಢಿ ನಮ್ಮಲ್ಲಿ ಇದ್ದೇ ಇದೆ. ಆ ಮನೆಯಲ್ಲಿ ನಾಯಿಗೆ ಮೂರು ತಿಂಗಳಿಗೊಮ್ಮೆ ಹುಳದ ಮಾತ್ರೆ ನುಂಗಿಸುತ್ತಿದ್ದರು. ಬೋಗುಣಿ ತೊಳೆದು ಹೇಲು ಬಾಚುವ ಅತ್ತಿಗೆಗೆ ಒಂದು ಜೊತೆ ಗ್ಲೌಸ್ ಕೊಡಿ ಅಂತ ನಾವೇ ಹಾಳೆಯಲ್ಲಿ ಬರೆದು ಕಳಿಸಿದೆವು. ಮುಂದಿನ ತಿಂಗಳು ನೋಡೋಣ ಅಂದರು.

ಮೊಟ್ಟೆಯದನ್ನೂ ಹೇಳಿಬಿಡುತ್ತೇವೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಮಠಾಧೀಶರು ಕೆಲವರು ಎದ್ದು ಕೂತರು. ಬೇಯಿಸಿ ಸುಲಿಯುವುದೂ ಸೇರಿ ಸರ್ಕಾರ ಒಂದು ಮೊಟ್ಟೆಗೆ ಕೊಟ್ಟದ್ದು 6 ರೂಪಾಯಿ. ಮೇಷ್ಟ್ರುಗಳು ಮೇಲಿನ ಚಿಲ್ಲರೆಯನ್ನು ಕೈಯಿಂದ ಹಾಕಿದರು. ನಮ್ಮ ಹಾಳೆಯ ನಾಯಿ ದಿನಕ್ಕೊಂದು ಮೊಟ್ಟೆಯನ್ನು ಚಿಪ್ಪು ಸಮೇತ ತಿನ್ನುತ್ತಿತ್ತು. ಅದರ ಬಗ್ಗೆ ಯಾರೂ ಹೇಳಿಕೆ ಕೊಡಲಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ. ನಾವು ಐದು ಜನ, 25 ಕಿಲೋ. ನಾಯಿಗೆ 45. ಮುಧೋಳದ ಬೇಟೆನಾಯಿಯನ್ನು ರೊಟ್ಟಿ, ಹಾಲು ಹಾಕಿ ಸಾಕಿದ ನಾಡಲ್ಲವೇ ಇದು? ಆ ನಾಯಿ ಸೈನ್ಯಕ್ಕೂ ಹೋಗಿದೆ.

ಒಂದು ಸಲ ನಾಯಿಗೆ ಹೊಟ್ಟೆ ಕೆಟ್ಟು ಎರಡು ದಿನ ತಿನ್ನಲಿಲ್ಲ. ಕರಗಿದ ಬಾಡನ್ನು ಮತ್ತೆ ಫ್ರಿಜ್ಜಿಗೆ ಇಡಬಾರದಂತೆ. ‘ನಿಮ್ಮೋರು ತಿಂತಾರಲ್ಲ, ತಗೊಂಡ್ಹೋಗಿ’ ಅಂತ ಕವರಿಗೆ ಹಾಕಿ ಕೊಟ್ಟರು. ಅತ್ತಿಗೆ ತಂದಳು. ಅಣ್ಣ ಕವರನ್ನು ಹೊಸಲಾಚೆ ಇಟ್ಟ.

‘ನಾಯಿ ಬಿಟ್ಟದ್ದು. ಎಂಜಲು.’

‘ನಾಯಿ ಮೂಸೂ ನೋಡಿಲ್ಲ. ಬೆಳಿಗ್ಗೆ ತೂಗ್ದವ್ಳು ನಾನು. ನಾನ್ನೂರು ರೂಪಾಯಿ ಬಾಡದು.’

‘ಯಾರ ನಾನ್ನೂರು?’

‘ಹೊತ್ತು ತಂದೋರು ಯಾರು? ತೊಳ್ದೋರು ಯಾರು? ನಿನ್ ಭಾಷಣ ಬೇಯ್ಸಿದ್ರೆ ಸಾರಾಯ್ತದಾ?’

ಇಬ್ಬರೂ ಸರಿ ಅಂತ ನಮಗೆ ಅನ್ನಿಸಿತು, ಬಾಯಿ ಬಿಡಲಿಲ್ಲ. ಮಕ್ಕಳು ತಿಂದರು. ಅಣ್ಣ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಮುದ್ದೆ ಉಂಡ.

2023ರ ಕೊನೆಗೆ ನಾಯಿ ಸತ್ತಿತು. ಅಷ್ಟು ದೊಡ್ಡ ಜಾತಿಯವು ಬಹಳ ವರ್ಷ ಬದುಕುವುದಿಲ್ಲ. ಬೆಳಿಗ್ಗೆ ಆರಕ್ಕೆ ಫೋನು ಬಂತು: ‘ಎತ್ತೋದಕ್ಕೆ ನಿಮ್ಮೋರು ಯಾರಾದ್ರೂ ಬರ್ತಾರಾ?’ ಅಣ್ಣ ಗೋಡೆ ಕಡೆ ತಿರುಗಿ ಮಲಗಿದ. ನಾವೂ ಅಣ್ಣನ ಮಗನೂ ಹೋದೆವು. ಬೆಡ್‌ಶೀಟಿನಲ್ಲಿ ಸುತ್ತಿ ಟೆಂಪೋಗೆ ಹಾಕಿ ಕೆಂಗೇರಿ ಕಡೆ ಸಾಕುಪ್ರಾಣಿಗಳನ್ನು ಹೂಳುವ ಜಾಗಕ್ಕೆ ಒಯ್ದೆವು. ಅಲ್ಲಿ ಸಾಲಾಗಿ ಗೋರಿಗಳಿವೆ, ಹೆಸರು ಬರೆಸಿದ ಕಲ್ಲುಗಳಿವೆ. ನಮ್ಮ ಕೇರಿಯ ಸ್ಮಶಾನದ ಅರ್ಜಿ ಇನ್ನೂ ಫೈಲಿನಲ್ಲಿದೆ. ಅತ್ತಿಗೆ ಅತ್ತಳು. ಮನೆಯವರೂ ಅತ್ತರು.

ಫ್ರಿಜ್ಜಿನಲ್ಲಿ ಎರಡು ದಿನದ ಬಾಡು ಉಳಿದಿತ್ತು. ಸಂಜೆ ಅತ್ತಿಗೆ ಅದನ್ನು ತಂದು ಒಲೆಯ ಪಕ್ಕ ಇಟ್ಟಳು. ಅಣ್ಣ ನೋಡಿದ.

‘ಬಿಟ್ಟಿ ತಂದಿಲ್ಲ’ ಅಂದಳು. ‘ಸಂಬಳದಲ್ಲಿ ಮುರ್ಕೊಳ್ಳಿ ಅಂತ ಹೇಳಿ ತಂದಿವ್ನಿ. ಬರ್ಕೊ, ಎರಡು ಕಿಲೋ ನಾನ್ನೂರು ಗ್ರಾಂ.’

ನಾವು ನೋಟ್‌ಬುಕ್ ತೆಗೆದು ಬರೆದೆವು: 960. ಅಣ್ಣ ಆ ರಾತ್ರಿ ತಟ್ಟೆ ಮುಂದೆ ಕೂತ.

ತಿಂಗಳ ಕೊನೆಗೆ 4,540 ಎಣಿಸಿ ಕೊಟ್ಟರು.