ನಾವು ಆರ್‌ಸಿಬಿಯವರು

ನಾವು ನಾಲ್ಕು ಜನ. ಒಂದೇ ಊರಿನವರು, ಒಂದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದವರು. ರಾಜಕೀಯಕ್ಕೆ ಬಂದರೆ ನಾಲ್ಕು ದಿಕ್ಕು, ಸಿನಿಮಾ ಹೀರೋ ವಿಷಯಕ್ಕೆ ಬಂದರೆ ಮಾತೇ ಬಿಡುವಷ್ಟು ಜಗಳ. ಒಮ್ಮತ ಇರುವುದು ಒಂದರಲ್ಲಿ ಮಾತ್ರ: ಆರ್‌ಸಿಬಿ. ಚಿನ್ನಸ್ವಾಮಿ ಸ್ಟೇಡಿಯಂ ಒಳಗೆ ನಮ್ಮಲ್ಲಿ ಒಬ್ಬರೂ ಇವತ್ತಿನವರೆಗೆ ಕಾಲಿಟ್ಟಿಲ್ಲ. ಆದರೂ ಊರಲ್ಲಿ ಯಾರನ್ನಾದರೂ ಕೇಳಿ, ನಮ್ಮನ್ನು 'ಆರ್‌ಸಿಬಿ ಹುಡುಗ್ರು' ಅಂತಲೇ ಗುರುತಿಸುತ್ತಾರೆ.

ಐಪಿಎಲ್ ಶುರುವಾದಾಗ ನಾವಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆವು. 2008ರ ಏಪ್ರಿಲ್ 18, ಬೆಂಗಳೂರಿನಲ್ಲೇ ಮೊದಲ ಪಂದ್ಯ. ಕೋಲ್ಕತ್ತಾದ ಬ್ರೆಂಡನ್ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮವರು ಹನ್ನೊಂದು ಜನ ಸೇರಿ 82. ಆ 82ರಲ್ಲೂ ದೊಡ್ಡ ಮೊತ್ತ ಎದುರಾಳಿಗಳು ದಾನ ಕೊಟ್ಟ 19 ಎಕ್ಸ್‌ಟ್ರಾ ರನ್. ಎರಡಂಕಿ ಮುಟ್ಟಿದ್ದು ಬೌಲರ್ ಪ್ರವೀಣ್ ಕುಮಾರ್ ಒಬ್ಬರೇ. ಪಕ್ಕದ ಮನೆಯ ಟಿವಿ ಮುಂದೆ ಚಾಪೆ ಹಾಕಿ ಕೂತಿದ್ದ ನಮಗೆ ಆವತ್ತೇ ಗೊತ್ತಾಗಬೇಕಿತ್ತು, ಇದು ಸುಖದ ಸಂಬಂಧ ಅಲ್ಲ ಅಂತ. ಆದರೆ ಒಂಬತ್ತು ವರ್ಷದ ಹುಡುಗರಿಗೆ ದ್ರಾವಿಡ್ ಇರುವ ತಂಡ, ಕುಂಬ್ಳೆ ಇರುವ ತಂಡ, ಹೆಸರಲ್ಲಿ ನಮ್ಮ ರಾಜಧಾನಿ ಇರುವ ತಂಡ ಅಂದಮೇಲೆ ಬೇರೆ ಯೋಚನೆ ಎಲ್ಲಿಂದ ಬರಬೇಕು?

ಸುಮ್ಮನೆ ಸೋಲುವ ತಂಡವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆರ್‌ಸಿಬಿಯ ತೊಂದರೆ ಏನೆಂದರೆ ಅದು ಗೆಲುವಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ಅಲ್ಲಿಂದ ವಾಪಸ್ ಕಳಿಸುತ್ತದೆ. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಫೈನಲ್. ಕುಂಬ್ಳೆ ಬರೀ 16 ರನ್ ಕೊಟ್ಟು 4 ವಿಕೆಟ್ ಕಿತ್ತರೂ 6 ರನ್‌ಗಳಿಂದ ಸೋಲು. 2011ರಲ್ಲಿ ಚೆನ್ನೈನಲ್ಲಿ ಫೈನಲ್, 58 ರನ್‌ಗಳ ಸೋಲು. 2016ರದ್ದು ಇವತ್ತಿಗೂ ನಮ್ಮ ಗುಂಪಿನಲ್ಲಿ ಊಟದ ಹೊತ್ತಿನಲ್ಲಿ ಎತ್ತಬಾರದ ವಿಷಯ. ಕೊಹ್ಲಿ ಆ ವರ್ಷ ಒಂದೇ ಟೂರ್ನಿಯಲ್ಲಿ 973 ರನ್ ಹೊಡೆದಿದ್ದರು. ಫೈನಲ್ ನಮ್ಮದೇ ಅಂಗಳದಲ್ಲಿ. ಗೆಲ್ಲಲು 209 ಬೇಕಿತ್ತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೇ 114 ಸೇರಿಸಿದರು. ನಾವು ಪಟಾಕಿಗೆ ದುಡ್ಡು ಹೊಂದಿಸುತ್ತಿದ್ದೆವು. ಸೋತದ್ದು 8 ರನ್‌ಗೆ.

ಏಪ್ರಿಲ್ 23 ಅನ್ನೋ ತಾರೀಕನ್ನೇ ನೋಡಿ. 2013ರಲ್ಲಿ ಅದೇ ದಿನ ಗೇಲ್ 175 ಹೊಡೆದು ತಂಡದ ಮೊತ್ತ 263 ಆಯಿತು. 2017ರಲ್ಲಿ ಅದೇ ದಿನ, ಕೋಲ್ಕತ್ತಾದಲ್ಲಿ 132 ಹೊಡೆದರೆ ಗೆಲುವು ಎನ್ನುವಾಗ 49ಕ್ಕೆ ಆಲೌಟ್. ಒಬ್ಬರೂ ಎರಡಂಕಿ ದಾಟಲಿಲ್ಲ. ಮಾರನೇ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಟೀ ಕೊಡುವಾಗ ಅಣ್ಣ ಲೋಟ ಇಟ್ಟು, "ಏನ್ರಪ್ಪಾ, ಈ ಸಲನೂ ಕಪ್ ನಿಮ್ದೇನಾ?" ಅಂದರು. ಅವರು ಚೆನ್ನೈ ಅಭಿಮಾನಿ. ಧೋನಿ ಫೋಟೊ ಗಲ್ಲಾಪೆಟ್ಟಿಗೆ ಮೇಲೆ, ಮಂಜುನಾಥಸ್ವಾಮಿ ಫೋಟೊ ಪಕ್ಕದಲ್ಲೇ ಇದೆ. ಊರಿಗೆ ಇರುವುದು ಅದೊಂದೇ ಹೋಟೆಲು. ಹಾಗಾಗಿ ಹತ್ತು ವರ್ಷ ಟೀ ಜೊತೆಗೆ ಅವಮಾನವನ್ನೂ ಕುಡಿದಿದ್ದೇವೆ.

'ಈ ಸಲ ಕಪ್ ನಮ್ದೇ' ಅನ್ನೋ ಮಾತನ್ನು ಊರೆಲ್ಲ ಗೇಲಿಗೆ ಬಳಸತೊಡಗಿದಾಗಲೂ ನಾವು ಅದನ್ನು ಬಿಡಲಿಲ್ಲ. ಯಾಕೆ ಅಂತ ಹೊರಗಿನವರಿಗೆ ವಿವರಿಸುವುದು ಕಷ್ಟ. ನಮ್ಮ ಕಡೆ ರೈತರು ಮೂರು ವರ್ಷ ಮಳೆ ಕೈಕೊಟ್ಟರೂ ನಾಲ್ಕನೇ ವರ್ಷ ಬಿತ್ತನೆಗೆ ಹೋಗುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ, ನಮಗೆ ಇತ್ತು. ಮುಂಬೈ, ಚೆನ್ನೈ ಎರಡೂ ಐದೈದು ಕಪ್ ಇಟ್ಟುಕೊಂಡು ಕೂತಿದ್ದವು. ಬೇಕೆಂದಾಗ ಬದಲಾಯಿಸಬಹುದಾದ ಪಕ್ಷವನ್ನು ಬದಲಾಯಿಸದೇ ಇರುವುದರಲ್ಲಿ ಒಂದು ಹಟ ಇದೆ. ಆ ಹಟವೇ ನಮ್ಮ ಅಭಿಮಾನದ ಅರ್ಧ ಪಾಲು.

ಆದರೆ ನಾವು ನಿಷ್ಠರಾಗಿದ್ದದ್ದು ಯಾವುದಕ್ಕೆ? ಈ ಪ್ರಶ್ನೆ ನಮ್ಮಲ್ಲೇ ಎದ್ದಿದೆ. ಆಟಗಾರರು ಹರಾಜಿನಲ್ಲಿ ಬರುತ್ತಾರೆ, ಹೋಗುತ್ತಾರೆ. ದ್ರಾವಿಡ್ 2011ಕ್ಕೆ ರಾಜಸ್ಥಾನಕ್ಕೆ ಹೋದರು. ಕೆ.ಎಲ್. ರಾಹುಲ್ ಇಲ್ಲಿ ಆಡಿ, ಪಂಜಾಬ್, ಲಖನೌ ಸುತ್ತಿ ದೆಹಲಿ ಸೇರಿದರು. 2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿಯಲ್ಲಿ ನಮ್ಮ ವಿರುದ್ಧ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಎಂಬಂತೆ ತೋರಿಸಿದರು. 'ಕಾಂತಾರ' ಸಿನಿಮಾದಿಂದ ಬಂದ ಸನ್ನೆ ಅದು. ಆ ರಾತ್ರಿ ನಮ್ಮಲ್ಲಿ ಇಬ್ಬರು ಬೈದರು, ಇಬ್ಬರು ಒಳಗೊಳಗೇ ಖುಷಿಪಟ್ಟರು. ಕನ್ನಡಿಗ ಗೆದ್ದ, ಕನ್ನಡದ ಊರಿನ ಹೆಸರಿರುವ ತಂಡ ಸೋತಿತು. ಯಾರ ಪರ ನಿಲ್ಲಬೇಕು? ಆ ಜಗಳ ಇನ್ನೂ ಮುಗಿದಿಲ್ಲ.

ಮೊದಲ ಕಪ್ ತಂದುಕೊಟ್ಟವರು ಹೆಣ್ಣುಮಕ್ಕಳು ಅನ್ನುವುದನ್ನು ಇಲ್ಲಿ ಬರೆಯಲೇಬೇಕು. 2024ರ ಮಾರ್ಚ್ 17, ದೆಹಲಿ. ಸ್ಮೃತಿ ಮಂದಾನ ನಾಯಕಿ. ವಿಕೆಟ್ ಇಲ್ಲದೆ 64 ಇದ್ದ ದೆಹಲಿಯನ್ನು 113ಕ್ಕೆ ಕಟ್ಟಿಹಾಕಿದರು. ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ತೆಗೆದರು. ನಮ್ಮ ನಾಲ್ವರಲ್ಲಿ ಒಬ್ಬಳು ಹುಡುಗಿ. ಇಷ್ಟು ವರ್ಷ ಮ್ಯಾಚ್ ನೋಡಲು ಪಕ್ಕದ ಮನೆಗೆ ಬರುವುದಕ್ಕೂ ಅವಳು ಅಮ್ಮನ ಹತ್ತಿರ ಹತ್ತು ಸುಳ್ಳು ಹೇಳಬೇಕಿತ್ತು. ಆವತ್ತು ಅವರಮ್ಮನೇ, "ನಮ್ ಹುಡ್ಗೀರು ಗೆದ್ರಂತಲ್ಲೇ" ಅಂತ ಅವಳನ್ನು ಎಬ್ಬಿಸಿ ಕೂರಿಸಿಕೊಂಡು ಹೈಲೈಟ್ಸ್ ನೋಡಿದರು.

ಆಮೇಲೆ 2025ರ ಜೂನ್ 3, ಅಹಮದಾಬಾದ್. 190 ಹೊಡೆದಿದ್ದೆವು. ಕೊನೆಯ ಓವರಿನಲ್ಲಿ ಪಂಜಾಬ್‌ಗೆ 29 ಬೇಕಿತ್ತು. ಬೇರೆ ಯಾವ ತಂಡದ ಅಭಿಮಾನಿಯಾದರೂ ಎದ್ದು ಕುಣಿಯುತ್ತಿದ್ದ. ನಾವು ಉಸಿರು ಬಿಗಿಹಿಡಿದು ಕೂತಿದ್ದೆವು. 29 ಕೊಡುವ ತಾಕತ್ತು ನಮ್ಮವರಿಗೆ ಇದೆ ಅನ್ನುವುದು ನಮಗಲ್ಲದೆ ಯಾರಿಗೆ ಗೊತ್ತು? ಇನ್ನೂ ಎಸೆತಗಳು ಬಾಕಿ ಇರುವಾಗಲೇ ಕೊಹ್ಲಿ ಕಣ್ಣೊರೆಸಿಕೊಳ್ಳುವುದು ಕಂಡಾಗ ಮಾತ್ರ ನಂಬಿಕೆ ಬಂತು. ಗೆದ್ದದ್ದು 6 ರನ್‌ಗಳಿಂದ. 2009ರಲ್ಲಿ ಸೋತ ಅದೇ ಆರು ರನ್. ಹೋಟೆಲ್ ಅಣ್ಣ ಶಟರ್ ಎತ್ತಿ, ನಡುರಾತ್ರಿಯಲ್ಲಿ ಎಲ್ಲರಿಗೂ ಟೀ ಕೊಟ್ಟು ದುಡ್ಡು ಬೇಡ ಅಂದರು. ನಾವು ಯಾರೂ ಜಾಸ್ತಿ ಕೂಗಲಿಲ್ಲ. ಹದಿನೆಂಟು ವರ್ಷದ ನಂತರ ಏನು ಮಾಡಬೇಕು ಅಂತಲೇ ತೋಚಲಿಲ್ಲ.

ಆ ಖುಷಿ ಒಂದು ದಿನವೂ ಉಳಿಯಲಿಲ್ಲ. ಜೂನ್ 4ರ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ನಮ್ಮೂರಿನ ಐದಾರು ಹುಡುಗರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ವಿಜಯೋತ್ಸವಕ್ಕೆ ಹೋಗುತ್ತೇವೆ ಅಂತ ಬೆಳಿಗ್ಗೆಯೇ ಗ್ರೂಪಿನಲ್ಲಿ ಹಾಕಿದ್ದರು. ಸಂಜೆ ಯಾರ ಫೋನೂ ಸಿಗುತ್ತಿರಲಿಲ್ಲ. ಕ್ರಿಕೆಟ್ ಅಂದರೆ ಏನೆಂದೇ ಗೊತ್ತಿಲ್ಲದ ತಾಯಂದಿರು ನಮ್ಮ ಮನೆ ಬಾಗಿಲಿಗೆ ಬಂದು, "ನೀವು ಪೇಪರಿನವರಲ್ವಾ, ಸ್ವಲ್ಪ ವಿಚಾರ್ಸಿ" ಅಂತ ನಿಂತರು. ನಮ್ಮ ಹುಡುಗರು ಸಿಕ್ಕರು. ರಾತ್ರಿ ಒಂಬತ್ತರ ಹೊತ್ತಿಗೆ ಕೊನೆಯವನ ಫೋನ್ ಬಂತು. ಹನ್ನೊಂದು ಮನೆಗಳಿಗೆ ಹಾಗೆ ಫೋನ್ ಬರಲಿಲ್ಲ.

ತೀರಿಕೊಂಡವರಲ್ಲಿ ಬಹಳಷ್ಟು ಜನ ನಮ್ಮ ವಯಸ್ಸಿನವರು, ನಮಗಿಂತ ಚಿಕ್ಕವರು. ಅಂದರೆ 82, 49, ಆ ಎಂಟು ರನ್ನು ಎಲ್ಲವನ್ನೂ ನಮ್ಮ ಹಾಗೆಯೇ ನೋಡುತ್ತ ಬೆಳೆದವರು. "ಅವರ್ಯಾಕೆ ಅಲ್ಲಿಗೆ ಹೋಗ್ಬೇಕಿತ್ತು?" ಅಂತ ಆಮೇಲೆ ಎಷ್ಟೋ ಜನ ಕೇಳಿದರು. ಈ ಪ್ರಶ್ನೆ ಕೇಳಿದರೆ ನಮಗೆ ಸಿಟ್ಟು ಬರುತ್ತದೆ. ಜಾತ್ರೆಗೆ ಹೋದವನನ್ನು ಯಾಕೆ ಹೋದೆ ಅಂತ ಯಾರಾದರೂ ಕೇಳುತ್ತಾರಾ? ಅವರು ಹೋದದ್ದು ಹದಿನೆಂಟು ವರ್ಷ ಕಾದ ಕಪ್ಪನ್ನು ಒಮ್ಮೆ ಕಣ್ಣಲ್ಲಿ ನೋಡಲಿಕ್ಕೆ. ಬೆಂಗಳೂರಿನಲ್ಲಿ ಇದ್ದಿದ್ದರೆ ನಾವು ನಾಲ್ವರೂ ಹೋಗುತ್ತಿದ್ದೆವು. ಅಭಿಮಾನಿ ತಂಡದಿಂದ ಏನನ್ನೂ ಕೇಳುವುದಿಲ್ಲ, ಸೋತರೂ ಮತ್ತೆ ಬರುತ್ತಾನೆ. ಹೇಗಿದ್ದರೂ ಬಂದೇ ಬರುತ್ತಾನೆ ಅಂತ ಗೊತ್ತಿರುವವರನ್ನು ಸಂಭಾಳಿಸುವ ಹೊಣೆ, ಅವರನ್ನು ಸೇರಿಸುವ ಎಲ್ಲರ ಮೇಲೂ ಇರಬೇಕು.

ಆವತ್ತಿನಿಂದ ನಮ್ಮಲ್ಲೊಬ್ಬ ಜೆರ್ಸಿ ಹಾಕಿಲ್ಲ. ಟ್ರಂಕಿನಲ್ಲಿ ಮಡಚಿ ಇಟ್ಟಿದ್ದಾನೆ, ಬಿಸಾಡಿಲ್ಲ. ಇನ್ನೊಬ್ಬನ ಪ್ರಕಾರ, ಹೋದವರೂ ನಮ್ಮವರೇ, ಅವರಿಗಾಗಿಯಾದರೂ ಹಾಕಬೇಕು. ಇಬ್ಬರದ್ದೂ ಸರಿ ಅನ್ನಿಸುತ್ತದೆ. ತಂಡವನ್ನು ಬಿಡುವ ಮಾತು ಮಾತ್ರ ಯಾರ ಬಾಯಲ್ಲೂ ಬಂದಿಲ್ಲ. ಆದರೆ ಒಂದು ತೀರ್ಮಾನ ಮಾಡಿಕೊಂಡಿದ್ದೇವೆ. ಹೋಟೆಲಿನಲ್ಲಿ ಕೂತು 82, 263, 973 ಅಂತ ಆರ್‌ಸಿಬಿಯ ಲೆಕ್ಕ ಒಪ್ಪಿಸುವಾಗ ಇನ್ನು ಮೇಲೆ ಆ 11ನ್ನೂ ಹೇಳುತ್ತೇವೆ. ಕೇಳುವವರಿಗೆ ಬೇಡವಾದರೂ ಹೇಳುತ್ತೇವೆ.