ಭಾವಮೈದುನನ ಹೊಗೆಕೊಳವೆ

ಸರಕಾರಿ ಗುಮಾಸ್ತೆಯ ಕಿವಿಗೆ 'ಹೆಡ್ಡು' ಎಂಬ ಮಾತು ಬಿದ್ದರೆ ಅದಕ್ಕೆ ಎರಡೇ ಅರ್ಥ. ಒಂದು ಹೆಡ್ ಕ್ಲಾರ್ಕು. ಇನ್ನೊಂದು, ಖರ್ಚನ್ನು ಯಾವ ಬಾಬಿಗೆ ಹಾಕಬೇಕೋ ಆ ಲೆಕ್ಕದ ಹೆಡ್ಡು. ಎರಡರಿಂದಲೂ ನನಗೆ ಸುಖವಿಲ್ಲ. ಆದುದರಿಂದ ಕಳೆದ ಮಾವಿನ ಕಾಲದಲ್ಲಿ ನನ್ನ ಭಾವಮೈದುನ ಊಟಕ್ಕೆ ಕುಳಿತಾಗ, "ಭಾವ, ಗಾಡಿಗೊಂದು ಹೆಡರ್ ಹಾಕಿಸಬೇಕು. 18,000 ರೂಪಾಯಿ ಆಗುತ್ತದೆ" ಎಂದಕೂಡಲೇ ನನಗೆ ತುತ್ತು ಗಂಟಲಲ್ಲೇ ನಿಂತಿತು.

ಅವನದು ಹಳೆಯ ಪಿಕಪ್ ಗಾಡಿ. ಪೆಟ್ರೋಲಿನದು, ನಾಲ್ಕು ಸಿಲಿಂಡರು. ಎಂಜಿನ್ನು ಸೀಟಿನ ಕೆಳಗೆ. ಬೇಸಗೆಯಲ್ಲಿ ನೂಜಿವೀಡಿನ ತೋಟಗಳಿಂದ ನುನ್ನದ ಮಾರುಕಟ್ಟೆಗೆ ಮಾವು ಹೊರುತ್ತಾನೆ. ರಜೆಯಲ್ಲಿ ನನ್ನ ಎಂಟು ವರ್ಷದ ಮಗನೂ ಸೋದರಮಾವನ ಪಕ್ಕದಲ್ಲಿ ಕುಳಿತು ಹೊರಡುತ್ತಿದ್ದ. ಸಂಜೆ ಬಂದರೆ ತಲೆನೋವು, ಓಕರಿಕೆ. "ಎಷ್ಟು ಹಣ್ಣು ತಿಂದೆಯೋ?" ಎಂದು ನಾನು ಗದರುವುದು, "ಒಂದೇ ಅಪ್ಪ" ಎಂದು ಅವನು ಅಳುವುದು, ಇದು ನಿತ್ಯದ ಪದ್ಧತಿಯಾಗಿಬಿಟ್ಟಿತ್ತು.

ಸಾಮಾನು ನೋಡದೆ ಹಣ ಕೊಡಬಾರದೆಂಬುದು ಕಚೇರಿ ಕಲಿಸಿದ ಪಾಠ. ಪಟಮಟದಲ್ಲಿರುವ ನಮಗೆ ಅದಕ್ಕಾಗಿ ದೂರ ಹೋಗಬೇಕಾದ್ದಿಲ್ಲ. 1960ರ ದಶಕದಲ್ಲಿ ಹುಟ್ಟಿದ ಜವಾಹರ್ ಆಟೋನಗರ ಮಗ್ಗುಲಲ್ಲೇ ಇದೆ. ಲಾರಿಗೆ ಮೈ ಕಟ್ಟುವವರು, ಎಂಜಿನ್ನಿನ ಕರುಳು ಬಿಚ್ಚುವವರು, ಸ್ಪ್ರಿಂಗು ಬಡಿಯುವವರು, ಎಲ್ಲರೂ ಅಲ್ಲಿದ್ದಾರೆ. ಎರಡನೆಯ ಶನಿವಾರ ಇಬ್ಬರೂ ಹೊರಟೆವು.

ಅಂಗಡಿಯವನು ಹೆಡರನ್ನು ತಂದು ಮೇಜಿನ ಮೇಲಿಟ್ಟ. ನಾಲ್ಕು ಹೊಳೆಯುವ ಕೊಳವೆಗಳು, ಹಾವಾಡಿಗನ ಬುಟ್ಟಿಯಿಂದ ಎದ್ದಂತೆ. ಅದರ ತತ್ತ್ವವೇನೋ ಸೊಗಸಾದದ್ದೇ. ಕಂಪೆನಿಯ ಬೀಡುಕಬ್ಬಿಣದ ಮ್ಯಾನಿಫೋಲ್ಡಿನಲ್ಲಿ ನಾಲ್ಕು ಸಿಲಿಂಡರುಗಳ ಹೊಗೆ ಗೇಣುದ್ದದೊಳಗೇ ಒಂದನ್ನೊಂದು ನೂಕುತ್ತದೆ. ಹೆಡರಿನಲ್ಲಿ ಪ್ರತಿಯೊಂದಕ್ಕೂ ಸರಿಸುಮಾರು ಸಮ ಉದ್ದದ ಸ್ವಂತ ಹಾದಿ. ಮುಂದೆ ಹೋದ ಹೊಗೆ ತನ್ನ ಹಿಂದೆ ಒತ್ತಡವನ್ನು ತಗ್ಗಿಸಿ ಹಿಂದಿನದನ್ನು ಎಳೆದುಕೊಳ್ಳುತ್ತದೆ. ನಾಲ್ಕು ಕೊಳವೆ ನೇರವಾಗಿ ಒಂದಾದರೆ ಎಂಜಿನ್ನು ಬಹು ವೇಗವಾಗಿ ಸುತ್ತುವಾಗ ಲಾಭ. ನಾಲ್ಕು ಎರಡಾಗಿ, ಎರಡು ಒಂದಾದರೆ ನಡುವಣ ವೇಗದಲ್ಲಿ ಎಳೆತ ಹೆಚ್ಚು. ಮಾವಿನ ಹೊರೆ ಹೊತ್ತ ಗಾಡಿಗೆ ಬೇಕಾದರೆ ಎರಡನೆಯದೇ ಬೇಕು. ಲೋಹದಲ್ಲಿಯೂ ಜಾತಿಯುಂಟು. ಸಾಮಾನ್ಯ ಉಕ್ಕು ಅಗ್ಗ, ಆದರೆ ತುಕ್ಕು ಹಿಡಿಯುತ್ತದೆ. ಕ್ರೋಮಿಯಂ, ನಿಕ್ಕಲ್ ಬೆರೆತ 304 ನಂಬರಿನ ಸ್ಟೇನ್‌ಲೆಸ್ ಬಾಳುತ್ತದೆ, ಬೆಲೆಯೂ ಏರುತ್ತದೆ.

ನಾನು ಹೆಚ್ಚುಕಡಿಮೆ ಒಪ್ಪಿಯೇಬಿಟ್ಟಿದ್ದೆ. ಅಷ್ಟರಲ್ಲಿ ಅಂಗಡಿಯವನು, "ಹಳೆಯ ಕ್ಯಾಟಲಿಟಿಕ್ ಕನ್ವರ್ಟರ್ ಇದರ ಜೊತೆಗೆ ಕೂರುವುದಿಲ್ಲ. ಅದನ್ನು ನನಗೆ ಕೊಟ್ಟುಬಿಡಿ, ಬೆಲೆಯಲ್ಲಿ ಕಳೆಯುತ್ತೇನೆ" ಎಂದ. ಬೇಡದ ವಸ್ತುವಿಗೆ ಇಷ್ಟು ಉದಾರವಾಗಿ ಬೆಲೆ ಕಟ್ಟುವವನನ್ನು ಗುಮಾಸ್ತೆ ನಂಬುವುದಿಲ್ಲ. ವಿಚಾರಿಸಿದರೆ ಅದರೊಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತವಂತೆ. ಹೊಗೆಯ ವಿಷವನ್ನು ಕಳೆಯುವ ಭಾಗವೇ ಅದಂತೆ! ಅದನ್ನು ಕಿತ್ತರೆ ಹೊಗೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಲ್ಲದೆ, 2019ರ ತಿದ್ದುಪಡಿಯಾದ ಮೋಟಾರು ಕಾಯಿದೆಯಂತೆ 10,000 ರೂಪಾಯಿಯವರೆಗೆ ದಂಡವೂ ಉಂಟು.

"ನಿಯಮ, ನಿಯಮ! ಭಾವನಿಗೆ ಬೇರೇನು ಗೊತ್ತು?" ಎಂದು ಭಾವಮೈದುನ ಮುಖ ತಿರುಗಿಸಿದ. ಮಾತಿಲ್ಲದೆ ಇಬ್ಬರೂ ಪಕ್ಕದ ಬೀದಿಯ ಒಬ್ಬ ಮುದುಕ ಮೇಸ್ತ್ರಿಯ ಬಳಿ ಗಾಡಿ ನಿಲ್ಲಿಸಿದೆವು. ಅವನು ಸೀಟನ್ನೆತ್ತಿ, ಎಂಜಿನ್ನು ಆರುವವರೆಗೆ ಬೀಡಿ ಸೇದುತ್ತ ಕುಳಿತ. ಆಮೇಲೆ ಚಾಲು ಮಾಡಿಸಿ, "ಬೆಳಿಗ್ಗೆ ಟಿಕ್ ಟಿಕ್ ಅನ್ನುತ್ತದೆ, ಬಿಸಿಯಾದ ಮೇಲೆ ಅಡಗುತ್ತದೆ, ಅಲ್ಲವೇ?" ಎಂದು ತೆಲುಗಿನಲ್ಲಿ ಕೇಳಿದ. ಹೌದು. ಮ್ಯಾನಿಫೋಲ್ಡು ಬಿರುಕು ಬಿಟ್ಟಿತ್ತು. ಲೋಹ ಕಾದು ಹಿಗ್ಗಿದಾಗ ಬಿರುಕು ಕಿರಿದಾಗುತ್ತದೆ, ಸದ್ದು ತಗ್ಗುತ್ತದೆ. ಸೋರುವುದು ಮಾತ್ರ ನಿಲ್ಲುವುದಿಲ್ಲ. ಗಾಡಿಗೆ ಎಳೆತ ಕಡಮೆಯಾಗಿದ್ದಕ್ಕೂ ಅದೇ ಕಾರಣವೆಂದ. ಬಳಿಕ ಸೀಟಿನ ಕಡೆ ನೋಡಿ, "ಇಲ್ಲಿ ಯಾರು ಕೂರುತ್ತಾರೆ?" ಎಂದು ಕೇಳಿದ.

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು.

ಕನ್ವರ್ಟರನ್ನು ಮುಟ್ಟುವ ಮೊದಲೇ, ಶುದ್ಧಿಯಾಗದ ಹೊಗೆ ಸೀಟಿನ ಕೆಳಗೆ ಸೋರುತ್ತಿತ್ತು. ಮಾರುಕಟ್ಟೆಯ ಮುಂದೆ ಗಾಡಿಗಳ ಸಾಲು ಇಂಚಿಂಚು ಸರಿಯುವಾಗ, ನಡೆಯುತ್ತಿದ್ದ ಎಂಜಿನ್ನಿನ ಮೇಲೆ ಹುಡುಗ ಗಂಟೆಗಟ್ಟಲೆ ಕುಳಿತಿರುತ್ತಿದ್ದ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಳವನ್ನೇ ಆಕ್ರಮಿಸುತ್ತದೆಂದು ಆ ಸಂಜೆ ಮಗುವನ್ನು ಪರೀಕ್ಷಿಸಿದ ವೈದ್ಯರು ವಿವರಿಸಿದರು. ದೇವರ ದಯೆ, ಅಪಾಯವೇನೂ ಆಗಿರಲಿಲ್ಲ. ನಾನಾದರೋ ಬಡಪಾಯಿ ಹಣ್ಣಿನ ಮೇಲೆ ತಪ್ಪು ಹೊರಿಸಿ ಮಗುವನ್ನು ಅಳಿಸಿದ್ದೆ.

ಹೆಡರಿನ ಮಾತನ್ನು ಭಾವಮೈದುನನೇ ಬಿಟ್ಟ. ಕಂಪೆನಿಯ ನಮೂನೆಯ ಬೀಡುಕಬ್ಬಿಣದ ಮ್ಯಾನಿಫೋಲ್ಡು, ಹೊಸ ಗ್ಯಾಸ್ಕೆಟ್ಟು, ಬೋಲ್ಟುಗಳು, ಕೂಲಿ, ಎಲ್ಲ ಸೇರಿ 6,400 ರೂಪಾಯಿ. ಕನ್ವರ್ಟರು ತನ್ನ ಜಾಗದಲ್ಲೇ ಉಳಿಯಿತು. ಕೆಲಸ ಮುಗಿಯುವವರೆಗೆ ಅವನು ಗಾಡಿಯನ್ನು ಹೊರಕ್ಕೆ ತೆಗೆಯಲಿಲ್ಲ. ಮಾವಿನ ಕಾಲದ ಎರಡು ದಿನದ ಬಾಡಿಗೆ ಹೋಯಿತೆಂದು ಒಮ್ಮೆಯೂ ಅನ್ನಲಿಲ್ಲ.

ಗಾಡಿಯುಳ್ಳ ಮಿತ್ರರಲ್ಲಿ ಒಂದೇ ವಿಜ್ಞಾಪನೆ: ಹೊಸ ಕೊಳವೆಯನ್ನು ಆರಿಸುವ ಮೊದಲು ಹಳೆಯದು ಏನು ಹೇಳುತ್ತಿದೆಯೆಂದು ಬೆಳಗಿನ ತಣ್ಣನೆಯ ಎಂಜಿನ್ನಿಗೆ ಕಿವಿಗೊಟ್ಟು ಕೇಳಿ.

ಮುಂದಿನ ವಾರ ಮಗ ಮತ್ತೆ ನೂಜಿವೀಡಿಗೆ ಹೋಗಿಬಂದ. ಅವತ್ತು ಮೂರು ರಸಾಲು ಹಣ್ಣು ತಿಂದಿದ್ದನಂತೆ. ತಲೆನೋವಿಲ್ಲ. ರಾತ್ರಿ ನನ್ನ ಹೆಂಡತಿ ಮನೆಯ ಲೆಕ್ಕದ ಪುಸ್ತಕ ತೆರೆದು, "ಈ 6,400 ಯಾವ ಹೆಡ್ಡಿಗೆ ಹಾಕಲಿ?" ಎಂದಳು.

"ಔಷಧಿ ಎಂದು ಬರೆ" ಎಂದೆ.